ಹ್ಯಾಟ್‌ಫೀಲ್ಡ್ ಮೊದಲಾ, ನ್ಯಾಷನಲ್ ಹೆಲ್ತ್ ಮೊದಲಾ?

ಇಂಗ್ಲೆಂಡಿನ ಕ್ಯಾಂಟರ್ಬರಿ ಊರಿನ ಹೆಸರು ಹೊತ್ತ ಜಾಝ್ ರಾಕ್ (ಜಾಝ್ ಬೆರೆತ ರಾಕ್ ಸಂಗೀತ) ಹೊಸದಾಗಿ ಕೇಳುವವರು ಈ ಎರಡರ ನಡುವೆ ಸಿಕ್ಕಿಬೀಳುತ್ತಾರೆ: ಹ್ಯಾಟ್‌ಫೀಲ್ಡ್ ಅಂಡ್ ದ ನಾರ್ತ್ (1974), ನ್ಯಾಷನಲ್ ಹೆಲ್ತ್ (1978). ಎರಡೂ ಆಯಾ ತಂಡದ ಹೆಸರಿನದೇ ಮೊದಲ ಆಲ್ಬಂ. ಡೇವ್ ಸ್ಟೂವರ್ಟ್ (ಕೀಬೋರ್ಡ್), ಫಿಲ್ ಮಿಲ್ಲರ್ (ಗಿಟಾರ್), ಪಿಪ್ ಪೈಲ್ (ಡ್ರಮ್ಸ್) ಮೂವರೂ ಎರಡರಲ್ಲೂ ಇದ್ದಾರೆ. ಆದರೂ ರುಚಿ ಬೇರೆ.

ಹ್ಯಾಟ್‌ಫೀಲ್ಡ್‌ನಲ್ಲಿ 15 ತುಣುಕುಗಳು, ಒಂದು ಮುಗಿಯೋ ಮೊದಲೇ ಇನ್ನೊಂದು ಶುರು. ತಂಡದ ಗಾಯಕ ರಿಚರ್ಡ್ ಸಿಂಕ್ಲೇರ್ ಮಾತಾಡಿದ ಹಾಗೆ, ಯಾವ ಬಿಂಕವೂ ಇಲ್ಲದೆ ಹಾಡುತ್ತಾರೆ. 'ಕ್ಯಾಲಿಕ್ಸ್'ನಲ್ಲಿ ಅತಿಥಿ ಗಾಯಕ ರಾಬರ್ಟ್ ವ್ಯಾಟ್‌ಗೆ ಸಾಹಿತ್ಯವೇ ಇಲ್ಲ, ಬರೀ ದನಿ. 'ಶೇವಿಂಗ್ ಈಸ್ ಬೋರಿಂಗ್' ನಡುವೆ ಹೆಜ್ಜೆ ಸಪ್ಪಳ ಕೇಳುತ್ತದೆ, ಬಾಗಿಲು ತೆರೆಯುತ್ತದೆ, ಒಳಗಿಂದ ಇದೇ ಆಲ್ಬಂನ ಬೇರೆ ತುಣುಕು ಇಣುಕುತ್ತದೆ. ತುಂಟತನ ಅಂದ್ರೆ ಇದು, ಅಲ್ವಾ?

ನ್ಯಾಷನಲ್ ಹೆಲ್ತ್‌ನಲ್ಲಿ ಐದೇ ರಚನೆ. 'ಟೆನೆಮೋಸ್ ರೋಡ್ಸ್' 14 ನಿಮಿಷ ದಾಟುತ್ತದೆ. ಕೀಬೋರ್ಡ್ ಕೆಲಸ ಜಾಸ್ತಿ, ಹಾಡು ಕಡಿಮೆ. ಗಾಯಕಿ ಅಮಂಡಾ ಪಾರ್ಸನ್ಸ್ ದನಿ ತಿಳಿಯಾಗಿದೆ.

ಹಾಡು, ತಮಾಷೆ ಬೇಕಾದರೆ ಹ್ಯಾಟ್‌ಫೀಲ್ಡ್ ತಗೊಳ್ಳಿ. ಉದ್ದದ ರಚನೆ ಕೂತು ಕೇಳುವ ತಾಳ್ಮೆ ಇದ್ದರೆ ನ್ಯಾಷನಲ್ ಹೆಲ್ತ್. ನನ್ನ ಮತ ಸಿಂಕ್ಲೇರ್ ದನಿಗೇ.