ಗುಜರಿಗೆ ಹೋಗುವ ಕಾರಿನ ಪೆಟ್ರೋಲ್: ಪೈಪು, ಪಂಪು, ಇಲ್ಲಾ ತಳದ ಬೋಲ್ಟು?

ಹಳೇ ಕಾರನ್ನು ಗುಜರಿಗೆ ಕೊಡುವ ಮುಂಚೆ ಟ್ಯಾಂಕಿನ ಪೆಟ್ರೋಲ್ ತೆಗೆಯಲೇಬೇಕು. ಎಷ್ಟು ಲೀಟರ್ ಸಿಕ್ಕಿತು ಅಂತ ಎಲ್ಲರೂ ಕೇಳುತ್ತಾರೆ. ನಾನು ನೋಡುವುದು ಒಳಗೆ ಎಷ್ಟು ಉಳಿಯಿತು ಅಂತ. ಯಾಕೆಂದರೆ ಮುಂದೊಂದು ದಿನ ಅದೇ ಟ್ಯಾಂಕಿನ ಪಕ್ಕ ಯಾರೋ ಒಬ್ಬ ಹುಡುಗ ಗ್ಯಾಸ್ ಕಟರ್ ಹಿಡಿದು ಕೂರುತ್ತಾನೆ. ನಮ್ಮ ಕಾರ್ಬೊರೇಟರ್ ಕಾಲದ ಮಾರುತಿ 800, ಭಾವನ ಓಮ್ನಿ, ಎದುರು ಮನೆಯವರ ಸ್ಯಾಂಟ್ರೋ ಮೂರನ್ನೂ ಕುವೆಂಪುನಗರದ ನಮ್ಮ ಮನೆ ಮುಂದೆಯೇ ಒಂದೊಂದು ರೀತಿಯಲ್ಲಿ ಖಾಲಿ ಮಾಡಿ ನೋಡಿದ್ದೇನೆ.

ಬಾಯಲ್ಲಿ ಪೈಪು ಎಳೆಯುವುದನ್ನು ಮೊದಲೇ ಪಕ್ಕಕ್ಕಿಡುತ್ತೇನೆ. ಮಂಡ್ಯ ಕಡೆ ಟ್ರ್ಯಾಕ್ಟರ್ ಇರುವ ಮನೆಗಳಲ್ಲಿ ಡೀಸೆಲನ್ನು ಹೀಗೆ ಎಳೆಯುವುದು ಅಭ್ಯಾಸವಾಗಿಬಿಟ್ಟಿದೆ. ಅದನ್ನು ನೋಡಿ ಬೆಳೆದವರು ಪೆಟ್ರೋಲಿಗೂ ಬಾಯಿ ಹಾಕುತ್ತಾರೆ. ದಯವಿಟ್ಟು ಬೇಡ. ಒಂದು ಗುಟುಕು ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾದಂಥ ತೊಂದರೆ ಆಗುತ್ತದೆ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಲೂಬಾರದು, ಮೇಲೆ ಬರುವಾಗ ಮತ್ತೆ ಶ್ವಾಸಕೋಶಕ್ಕೇ ಹೋಗಬಹುದು. ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈ ದಾರಿಯನ್ನು ನಾನು ಪ್ರಯತ್ನಿಸಿಲ್ಲ, ಪ್ರಯತ್ನಿಸುವುದೂ ಇಲ್ಲ.

ಓಮ್ನಿಗೆ ರಬ್ಬರ್ ಬುರುಡೆ ಇರುವ ಕೈಪಂಪು ಬಳಸಿದೆವು. ಬುರುಡೆ ಹಿಸುಕುತ್ತಾ ಹೋದರೆ ಪೈಪು ತುಂಬುತ್ತದೆ. ಡಬ್ಬ ಟ್ಯಾಂಕಿಗಿಂತ ಕೆಳಗಿದ್ದರೆ ಆಮೇಲೆ ತಾನಾಗಿಯೇ ಹರಿಯುತ್ತದೆ. ಸುಲಭ, ಕೈಗೂ ಜಾಸ್ತಿ ಮೆತ್ತುವುದಿಲ್ಲ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಟ್ಯಾಂಕಿನ ತಳಕ್ಕೆ ಅಂಟಿಕೊಂಡು ಹರಿವು ನಿಲ್ಲುತ್ತದೆ. ನೀರಿನ ಮಾಮೂಲಿ ಪ್ಲಾಸ್ಟಿಕ್ ಪೈಪು ಪೆಟ್ರೋಲಿನಲ್ಲಿ ಬಿರುಸಾಗಿಬಿಡುತ್ತದೆ, ಗಾಡಿ ಸಾಮಾನಿನ ಅಂಗಡಿಯಲ್ಲಿ ಪೆಟ್ರೋಲ್ ಪೈಪನ್ನೇ ಕೇಳಿ. ಕೈಪಂಪಿನ ದೊಡ್ಡ ಕೊರತೆ ಅಂದರೆ ತಳದಲ್ಲಿ ಉಳಿಯುವ ಪೆಟ್ರೋಲ್. ಪೈಪು ಒಳಗೆ ಸುರುಳಿ ಸುತ್ತಿಕೊಂಡು ಮೇಲೆ ನಿಲ್ಲುತ್ತದೆ. ಬುರುಡೆ ಬರೀ ಗಾಳಿ ಎಳೆಯುತ್ತಿದ್ದರೂ, ಓಮ್ನಿಯನ್ನು ಅಲ್ಲಾಡಿಸಿದಾಗ ಒಳಗೆ ಇನ್ನೂ ಕುಲುಕುವ ಸದ್ದು ಕೇಳಿಸುತ್ತಿತ್ತು. ಹೊಸ ಕಾರುಗಳಲ್ಲಂತೂ ಎಷ್ಟೋ ಕಡೆ ಬಾಯಲ್ಲೇ ತಡೆ ಇರುತ್ತದೆ, ಪೈಪು ಒಳಗೇ ಇಳಿಯುವುದಿಲ್ಲ.

ಸ್ಯಾಂಟ್ರೋ ಇಂಜೆಕ್ಷನ್ ಗಾಡಿ. ಟ್ಯಾಂಕಿನೊಳಗೇ ಕರೆಂಟ್ ಪಂಪು ಇರುತ್ತದೆ. ಇಂಜಿನ್ ಹತ್ತಿರ ಪೆಟ್ರೋಲ್ ಪೈಪು ಬಿಚ್ಚಿ ಡಬ್ಬಕ್ಕೆ ಬಿಟ್ಟು, ರಿಲೇ (ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚು) ಜಾಗದಲ್ಲಿ ವೈರ್ ಕೊಟ್ಟರೆ ಅದೇ ಎತ್ತಿ ಸುರಿಯುತ್ತದೆ. ವೇಗದಲ್ಲಿ ಇದನ್ನು ಮೀರಿಸುವುದು ಇಲ್ಲ. ಆದರೆ ನನಗೆ ಸಮಾಧಾನ ಆಗಲಿಲ್ಲ. ಆ ಪೈಪಿನಲ್ಲಿ ಒತ್ತಡ ಇರುತ್ತದೆ, ಸುಮ್ನೆ ಬಿಚ್ಚಿದರೆ ಮುಖಕ್ಕೇ ಚಿಮ್ಮುತ್ತದೆ. ಮೊದಲು ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಬೇಕು. ಮೇಲಾಗಿ ವೈರ್ ತಾಗಿಸುವಾಗ ಕಿಡಿ ಹಾರುತ್ತದೆ, ಪಕ್ಕದಲ್ಲೇ ತೆರೆದ ಪೆಟ್ರೋಲ್. ಬಲ್ಲ ಮೆಕ್ಯಾನಿಕ್ ಜೊತೆಗಿದ್ದರೆ ಸರಿ, ಮನೆಯಲ್ಲಿ ಒಬ್ಬರೇ ಮಾಡುವ ಕೆಲಸ ಅಲ್ಲ. ಇದೂ ತಳದಲ್ಲಿ ಸ್ವಲ್ಪ ಬಿಡುತ್ತದೆ.

ನನ್ನ ಮಟ್ಟಿಗೆ ಗೆದ್ದದ್ದು, ಟ್ಯಾಂಕ್ ಖಾಲಿ ಮಾಡಲೆಂದೇ ಇರುವ ತಳದ ಬೋಲ್ಟು. ನಮ್ಮ 800ರ ಟ್ಯಾಂಕಿನ ಅಡಿಯಲ್ಲಿ ಅದು ಇತ್ತು, ಎಲ್ಲ ಕಾರುಗಳಿಗೂ ಇರುವುದಿಲ್ಲ. ವರ್ಷಗಟ್ಟಲೆ ಮಣ್ಣು ಮೆತ್ತಿ ಬೋಲ್ಟ್ ಯಾವುದು, ಟ್ಯಾಂಕ್ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಕೈಬ್ರಷ್‌ನಲ್ಲಿ ನಿಧಾನವಾಗಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಹಾಕಿ ಎಳೆದರೆ ಕಿರ್ ಅಂತ ಬಿಟ್ಟುಕೊಂಡಿತು. ಸುತ್ತಿಗೆ ಬೇಡ, ಗ್ರೈಂಡರ್ ಬೇಡವೇ ಬೇಡ. ಕೊನೆಯ ಸುತ್ತನ್ನು ಬೆರಳಲ್ಲಿ ಬಿಡಿಸುವಾಗ ಮೊದಲು ತಣ್ಣಗಿನ ಒಂದು ಎಳೆ ಮೊಣಕೈವರೆಗೂ ಇಳಿಯಿತು, ಆಮೇಲೆ ಧಾರೆ. ಶುರುವಿನಲ್ಲಿ ಬಂದದ್ದು ಚಹಾ ಡಿಕಾಕ್ಷನ್ ಬಣ್ಣದ್ದು, ತುಕ್ಕಿನ ಚೂರುಗಳ ಜೊತೆ. ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಿಡಿದು ಇಟ್ಟೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಬೇರೆಯಾಗಿ ಕುಳಿತಿತ್ತು. ಮೇಲಿಂದ ಎಳೆಯುವ ಪಂಪು ಇದನ್ನೆಲ್ಲ ಒಳಗೇ ಬಿಟ್ಟಿರುತ್ತಿತ್ತು, ಅಲ್ವಾ? ಬೋಲ್ಟ್ ಬಿಚ್ಚಿ, ಕಾರಿನ ಒಂದು ಬದಿಯನ್ನು ಜಾಕಿಯಲ್ಲಿ ಸ್ವಲ್ಪ ಎತ್ತಿದಾಗ ಕೊನೆಯ ಹನಿಗಳೂ ಬಂದವು. ಜಾಕಿ ಒಂದನ್ನೇ ನಂಬಿ ಕಾರಿನ ಕೆಳಗೆ ಮಾತ್ರ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ಯಾವ ದಾರಿ ಹಿಡಿದರೂ ಬಯಲಲ್ಲೇ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗ್ಯಾರೇಜಿನ ಗುಂಡಿಯಲ್ಲಿ, ಚರಂಡಿಯಲ್ಲಿ ಇಳಿದು ಕೂರುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು, ಮೈಸೂರಿನ ಬಿಸಿಲಲ್ಲಿ ಕೇಳಬೇಕೇ? ಕಾರಿನ ಬ್ಯಾಟರಿ ವೈರ್ ಮೊದಲೇ ಬಿಚ್ಚಿಡಿ. ಪಂಪು ಓಡಿಸುವಾಗ ಮಾತ್ರ ಅದು ಆಗುವುದಿಲ್ಲ, ನನ್ನ ಅಂಜಿಕೆಗೆ ಅದೂ ಒಂದು ಕಾರಣ. ಪ್ಲಾಸ್ಟಿಕ್ ಬಕೆಟ್ ಬೇಡ, ಹರಿಯುವ ಪೆಟ್ರೋಲಿನಿಂದ ಅದರಲ್ಲಿ ಸ್ಟ್ಯಾಟಿಕ್ ಕರೆಂಟ್ ಕೂಡಿಕೊಳ್ಳುತ್ತದೆ. ಲೋಹದ ಡಬ್ಬವನ್ನು ನೆಲಕ್ಕೆ ತಾಗುವಂತೆ ಇಡಿ. ಪಕ್ಕದಲ್ಲಿ ಮರಳು ಅಥವಾ ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಇರಲಿ.

ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಮಿತಿ ಇದೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಒಟ್ಟು 30 ಲೀಟರ್ ತನಕ ಇಡಬಹುದು. ಬಿಗಿ ಮುಚ್ಚಳದ ಲೋಹದ ಡಬ್ಬವಾದರೆ ಒಂದೊಂದೂ 25 ಲೀಟರ್ ಮೀರಬಾರದು, ಗಾಜಿನದಾದರೆ 1 ಲೀಟರ್. ಆದ್ದರಿಂದ ಕಾರು ಓಡುವ ಸ್ಥಿತಿಯಲ್ಲಿದ್ದರೆ ಮೊದಲು ರಿಸರ್ವ್‌ಗೆ ಬರುವಷ್ಟು ಓಡಿಸಿಬಿಡುವುದು ಜಾಣತನ. ಸ್ಯಾಂಟ್ರೋದಲ್ಲಿ ಸಿಕ್ಕ ಹೊಸ ಪೆಟ್ರೋಲ್ ತಿಳಿ ಮಾಡಿ, ಸೋಸಿ ಸ್ಕೂಟರಿಗೆ ಹಾಕಿದರು, ಸರಿಯಾಗಿ ಓಡಿತು. ನಮ್ಮ 800ರದ್ದು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು, ಅಂಥದ್ದನ್ನು ಯಾವ ಗಾಡಿಗೂ ಹಾಕಬಾರದು. ಗ್ಯಾರೇಜಿನವರು ಪಾರ್ಟ್ಸ್ ತೊಳೆಯಲು ತೆಗೆದುಕೊಂಡರು. ಚರಂಡಿಗೆ ಮಾತ್ರ ಯಾರೂ ಸುರಿಯಬೇಡಿ.

ಡಬ್ಬ ಕೊಡಲು ಹೋದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಒಂದು ಮಾತು ಹೇಳಿದರು: "ತುಂಬಿದ್ ಟ್ಯಾಂಕ್‌ಗಿಂತ ಖಾಲಿ ಟ್ಯಾಂಕೇ ಡೇಂಜರ್ ಸಾರ್." ನಿಜ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದಾಗ ಕಿಡಿ ಸಾಕು, ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ. ಅರೆಬರೆ ಖಾಲಿ ಮಾಡಿದ್ದರಲ್ಲಿ ಎರಡೂ ಬೆರೆತು ಕಾಯುತ್ತಿರುತ್ತವೆ.

2021ರ ಸ್ಕ್ರ್ಯಾಪಿಂಗ್ ನಿಯಮಗಳಡಿ ನೋಂದಾಯಿತ ಕೇಂದ್ರಕ್ಕೆ ಕಾರು ಕೊಟ್ಟರೆ ಪೆಟ್ರೋಲ್, ಆಯಿಲ್ ತೆಗೆಯುವುದು ಅವರ ಕೆಲಸವೇ, ಕಾರು ಒಪ್ಪಿಸಿದ್ದಕ್ಕೆ ಪುರಾವೆಯಾಗಿ ಡಿಪಾಸಿಟ್ ಸರ್ಟಿಫಿಕೇಟ್ ಕೂಡ ಸಿಗುತ್ತದೆ. ನಾನು ಹೇಳುವುದೂ ಅಲ್ಲಿಗೇ ಕೊಡಿ ಅಂತ. ಬೀದಿಯ ಗುಜರಿಗೇ ಕೊಡುವುದಾದರೆ ಟ್ಯಾಂಕ್ ಬಿಚ್ಚಿಸಿ ಬೇರೆಯಾಗಿಯೇ ಕೊಡಿ. ಮುಚ್ಚಳ ತೆಗೆದು, ಬೋಲ್ಟ್ ಹಾಕದೆ, ಮೇಲೆ ದಪ್ಪ ಅಕ್ಷರದಲ್ಲಿ "ಪೆಟ್ರೋಲ್ ಟ್ಯಾಂಕ್, ಗ್ಯಾಸ್ ಕಟರ್ ಹಾಕಬೇಡಿ" ಅಂತ ಬರೆಯಿರಿ. ಕಟರ್ ಹಿಡಿಯುವ ಹುಡುಗನಿಗೆ ಬಾಯಿಬಿಟ್ಟೂ ಹೇಳಿ, ಅಂಗಡಿ ಯಜಮಾನರಿಗೆ ಹೇಳಿದರೆ ಅದು ಅವನ ಕಿವಿಗೆ ಬೀಳುತ್ತದೆ ಅಂತ ನಂಬಬೇಡಿ.