ಗಿಟಾರಿನ ಗೀರಿಗೆ ಎನ್‌ಸಿ ಕ್ಲಿಯರ್ ಲ್ಯಾಕರ್: ಕಲಬುರಗಿ ಬಿಸಿಲಿನಲ್ಲಿ ಬಳಸಿದವನ ಅನುಭವ

ಗಿಟಾರಿಗೆ ಅಂತಲೇ ಮಾಡಿದ ಲ್ಯಾಕರ್‌ಗಾಗಿ ಅಂಗಡಿ ಅಂಗಡಿ ಸುತ್ತಬೇಡಿ. ಬಡಗಿಗಳು ಕಪಾಟು, ಬಾಗಿಲಿಗೆ ಹೊಡೆಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಕ್ಲಿಯರ್ ಲ್ಯಾಕರ್, ಅಂದರೆ ಪಾರದರ್ಶಕ ಲೇಪ, ಸಾಕು. ಕೆಲವು ವರ್ಷಗಳಿಂದ ನನ್ನದೂ ಗೆಳೆಯರದೂ ಗಿಟಾರಿಗೆ ಇದನ್ನೇ ಹಚ್ಚುತ್ತಿದ್ದೇನೆ.

ಇದರಲ್ಲಿ ನನಗೆ ಇಷ್ಟವಾಗಿದ್ದು ಒಂದೇ ಗುಣ. ಹಳೇ ಲ್ಯಾಕರ್ ಮೇಲೆ ಹೊಸದು ಬಿದ್ದರೆ ಎರಡೂ ಕರಗಿ ಒಂದಾಗುತ್ತವೆ, ಜೋಡಣೆಯ ಗುರುತು ಉಳಿಯಲ್ಲ. ಆದರೆ ಈಗಿನ ಕಡಿಮೆ ಬೆಲೆಯ ಗಿಟಾರುಗಳಿಗೆ ಹೆಚ್ಚಾಗಿ ಪಾಲಿ ಫಿನಿಶ್ (ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್ ಲೇಪ) ಇರುತ್ತದೆ. ಅದರಲ್ಲಿ ಇದು ಬೆರೆಯಲ್ಲ, ಅಂಚು ಉಂಗುರದಂತೆ ಎದ್ದು ಕಾಣುತ್ತದೆ. ಅಂಥದ್ದಕ್ಕೆ ಸೂಪರ್ ಗ್ಲೂ ತುಂಬುವುದೇ ಸರಿ. ನಿಮ್ಮ ಗಿಟಾರಿನದು ಯಾವುದು ಅಂತ ತಿಳಿಯಲು ಪಿಕ್‌ಗಾರ್ಡ್ (ಮೈಗೆ ಗೀರು ಬೀಳದಂತೆ ಹಾಕುವ ತಟ್ಟೆ) ಅಡಿ ಒಂದು ಹನಿ ಥಿನ್ನರ್ (ಲ್ಯಾಕರ್ ತೆಳುವಾಗಿಸುವ ದ್ರವ) ಮುಟ್ಟಿಸಿ. ಅಂಟಂಟಾದರೆ ಲ್ಯಾಕರ್.

ಆಳದ ಗೀರಿಗೆ ಬ್ರಷ್ ಬೇಡ. ಟೂತ್‌ಪಿಕ್ ತುದಿಯಲ್ಲಿ ಹನಿ ಎತ್ತಿ ಬಿಡಿ. ಒಣಗುತ್ತಾ ತಗ್ಗುತ್ತದೆ, ಮತ್ತೆ ಬಿಡಿ. ಸುತ್ತಲಿನ ಮಟ್ಟಕ್ಕಿಂತ ಚೂರು ಉಬ್ಬಿ ನಿಂತ ಮೇಲೆ ವಾರಗಟ್ಟಲೆ ಮುಟ್ಟಬೇಡಿ. ಒಳಗಿನ ಥಿನ್ನರ್ ನಿಧಾನಕ್ಕೆ ಹೋಗುತ್ತದೆ; ಬೇಗ ಉಜ್ಜಿದರೆ ಆಮೇಲೆ ಅಲ್ಲೇ ಗುಳಿ ಬೀಳುತ್ತದೆ. ಬ್ಲೇಡಿನ ಎರಡೂ ತುದಿಗೆ ಟೇಪ್ ಸುತ್ತಿ, ನಡುವಿನ ಅಲಗಿನಿಂದ ಉಬ್ಬನ್ನಷ್ಟೇ ಹೆರೆಯಿರಿ. ಟೇಪಿನ ದಪ್ಪದಿಂದ ಅಲಗು ಸುತ್ತಲಿನ ಫಿನಿಶ್‌ಗೆ ತಾಗಲ್ಲ. ಆಮೇಲೆ 1000, 1500, 2000 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಕೊನೆಗೆ ಹೊಳಪಿಗೆ ರಬ್ಬಿಂಗ್ ಕಾಂಪೌಂಡ್. ಸ್ಕ್ರೂ ತೂತಿನ ಹತ್ತಿರ ನೀರು ತಾಗದಂತೆ ನೋಡಿಕೊಳ್ಳಿ, ಕಟ್ಟಿಗೆ ಉಬ್ಬುತ್ತದೆ.

ಸ್ಪ್ರೇ ಮಾಡುವುದಾದರೆ ನಮ್ಮ ಊರಿನ ಹವೆಯೇ ದೊಡ್ಡ ತಲೆನೋವು. ಮೇ ತಿಂಗಳ ಮಧ್ಯಾಹ್ನ ಹೊಡೆದರೆ ಹನಿಗಳು ಗಾಳಿಯಲ್ಲೇ ಒಣಗಿ ಮೈ ತರಿತರಿ ಆಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಮುಗಿಸಿಬಿಡಿ. ಮಳೆಗಾಲದಲ್ಲಿ ಇನ್ನೊಂದು ಕಾಟ, ತೇವ ಹಿಡಿದು ಬೆಳ್ಳಗೆ ಮಂಕಾಗುತ್ತದೆ. ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರ್ ಸ್ವಲ್ಪ ಬೆರೆಸಿದರೆ ಈ ಎರಡೂ ಕಡಿಮೆ. ಒಮ್ಮೆ ಅಂಗಡಿಯವರು ‘ಎಲ್ಲಾ ಒಂದೇ ರೀ’ ಅಂತ ಆಯಿಲ್ ಪೇಂಟಿನ ಟರ್ಪೆಂಟೈನ್ ಕೊಟ್ಟಿದ್ದರು. ಒಂದೇ ಅಲ್ಲ, ಅದರಲ್ಲಿ ಲ್ಯಾಕರ್ ಕರಗೋದೇ ಇಲ್ಲ. ಡಬ್ಬಿ ಮೇಲೆ ಎನ್‌ಸಿ ಥಿನ್ನರ್ ಅಂತ ಇದೆಯಾ ಓದಿ ತನ್ನಿ.

ವಾಸನೆ ಜಾಸ್ತಿ, ಬೆಂಕಿಯೂ ಬೇಗ ಹಿಡಿಯುತ್ತದೆ. ಅಡುಗೆಮನೆ ಹತ್ತಿರ ಡಬ್ಬಿ ತೆರೆಯಲೇಬೇಡಿ. ವರ್ಷ ಕಳೆದಂತೆ ಬಣ್ಣ ಚೂರು ಹಳದಿಗೆ ತಿರುಗಿದೆ. ಕಂದು ಗಿಟಾರಿನ ಮೇಲೆ ಚೆಂದ, ಬಿಳಿಯದರ ಮೇಲೆ ಗೊತ್ತಾಗುತ್ತದೆ. ರಬ್ಬರ್ ಸ್ಟ್ಯಾಂಡಿಗೆ ಒರಗಿಸಿಟ್ಟರೆ ತಾಗಿದ ಕಡೆ ಲ್ಯಾಕರ್ ಮೆತ್ತಗಾಗುತ್ತದೆ. ಹತ್ತಿಬಟ್ಟೆ ಸುತ್ತಿ ಇಡಿ, ಇಲ್ಲ ಗೋಡೆಗೆ ನೇತುಹಾಕಿ.

ಐದಕ್ಕೆ ನಾಲ್ಕು ಅಂಕ. ಪಾಲಿ ಗಿಟಾರ್ ಇದ್ದವರು ದುಡ್ಡು ಉಳಿಸಿಕೊಳ್ಳಿ.