ಗೆರೆ ಎಣಿಸದೆ ಓದುವಂಥ ಸ್ಟೀಲ್ ಸ್ಕೇಲು: ವರ್ಷಗಳ ಬಳಕೆಯ ನಂತರ

ಮರಗೆಲಸಕ್ಕೆ ನಾನು ವರ್ಷಗಳಿಂದ ಬಳಸುತ್ತಿರುವುದು 300 ಮಿ.ಮೀ. ಉದ್ದದ ಒಂದು ಸ್ಟೀಲ್ ಸ್ಕೇಲು. ಮೇಲ್ಮೈಗೆ ಮ್ಯಾಟ್ ಕ್ರೋಮ್, ಅಂದರೆ ಮಿಂಚದ ಕ್ರೋಮ್ ಲೇಪನವಿದೆ. ಗೆರೆಗಳನ್ನು ಕೊರೆದು ಕಪ್ಪು ತುಂಬಿದ್ದಾರೆ. ಎರಡೂ ಅಂಚಿನಲ್ಲಿ ಮಿಲಿಮೀಟರ್ ಮಾತ್ರ. ಇದಕ್ಕೆ ಮುಂಚೆಯೂ ಇದರ ಜೊತೆಗೂ ಬೇರೆ ಬೇರೆ ಸ್ಕೇಲುಗಳು ನನ್ನ ಬೆಂಚಿಗೆ ಬಂದಿವೆ. ಆದರೂ ಕೈ ಪ್ರತಿ ಸಲ ಇದರ ಕಡೆಗೇ ಹೋಗುತ್ತದೆ. ಯಾಕೆ ಅಂತ ಬರೆದಿಡಬೇಕು ಅನಿಸಿತು. ಸ್ಕೇಲು ಕೊಳ್ಳುವಾಗ ಹೆಚ್ಚಿನವರು ಎಷ್ಟು ಉದ್ದ, ಸ್ಟೇನ್‌ಲೆಸ್ ಹೌದಾ ಅಲ್ವಾ ಅಂತ ಕೇಳಿ ಸುಮ್ಮನಾಗುತ್ತಾರೆ. ಓದಲು ಸಲೀಸಾಗಿದೆಯಾ ಅಂತ ನೋಡುವವರು ಕಡಿಮೆ. ನನ್ನ ಮಟ್ಟಿಗೆ ಅದೇ ಮೊದಲ ಗುಣ, ಉಳಿದದ್ದೆಲ್ಲ ಆಮೇಲೆ.

ಮೊದಲು ಹೊಳಪಿನ ಮಾತು. ಥಳಥಳ ಮಿಂಚುವ ಸ್ಕೇಲು ಕೊಳ್ಳುವಾಗ ಚೆನ್ನಾಗಿ ಕಾಣುತ್ತದೆ. ಬೆಂಚಿನ ಮೇಲಿಟ್ಟರೆ ಕಷ್ಟ ಶುರು. ದೀಪದ ಬಿಂಬ ಬಿದ್ದ ಕಡೆ ಕಣ್ಣು ಕೋರೈಸಿ ಗೆರೆಗಳು ಮಾಯವಾಗುತ್ತವೆ. ಪಕ್ಕದಲ್ಲೇ ಇನ್ನೊಂದು ಕಡೆ ನಮ್ಮ ಮುಖದ ಅಥವಾ ಅಂಗಿಯ ನೆರಳು ಅದರಲ್ಲಿ ಮೂಡಿರುತ್ತದೆ. ಅಲ್ಲಿ ಕಪ್ಪು ಗೆರೆಯ ಹಿಂದೆ ಕಪ್ಪು ಹಿನ್ನೆಲೆ. ಹಾಗಾಗಿ ಎರಡು ಕಡೆಯೂ ಓದುವುದಕ್ಕೆ ಆಗುವುದಿಲ್ಲ. ಆಗ ತಲೆ ವಾಲಿಸುತ್ತೇವೆ, ಇಲ್ಲವೇ ಸ್ಕೇಲನ್ನೇ ಚೂರು ಎತ್ತುತ್ತೇವೆ. ಎತ್ತಿದ ಕ್ಷಣಕ್ಕೇ ಸೊನ್ನೆಯ ಅಂಚು ಹಲಗೆಯ ತುದಿಯಿಂದ ಜಾರಿರುತ್ತದೆ. ಅಳತೆ ತಪ್ಪುವುದು ಸ್ಕೇಲಿನ ನಿಖರತೆಯಿಂದ ಅಲ್ಲ, ಹೀಗೆ ಕದಲಿಸುವುದರಿಂದ.

ಮ್ಯಾಟ್ ಕ್ರೋಮ್‌ನ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಎಲ್ಲಿಂದ ನೋಡಿದರೂ ಒಂದೇ ತೆರನಾದ ಬೂದು ಬಿಳಿ. ಅದರ ಮೇಲೆ ಕಪ್ಪು ಗೆರೆ ಎದ್ದು ಕಾಣುತ್ತದೆ. ಸಂಜೆ ಒಂದೇ ಬಲ್ಬಿನಡಿ ಕೆಲಸ ಮಾಡುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹೊಳೆಯುವ ಸ್ಕೇಲಿಗೆ ದೀಪವನ್ನು ಅಲ್ಲಿಗೆ ಇಲ್ಲಿಗೆ ಸರಿಸುತ್ತಾ ಕೂರಬೇಕು. ಮ್ಯಾಟ್ ಸ್ಕೇಲಿಗೆ ಆ ತಾಪತ್ರಯ ಇಲ್ಲ. ಸ್ಯಾಟಿನ್ ಫಿನಿಶ್ ಅಂತ ಬರೆದಿದ್ದರೂ ಸರಿ, ಆದರೆ ಹೆಸರು ನಂಬಬೇಡಿ. ಬೆಳಕಿಗೆ ಹಿಡಿದು ನೋಡಿ.

ಎರಡನೆಯದು ಗೆರೆಗಳ ಉದ್ದ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಮಾತ್ರ ಇದೇ ಮುಖ್ಯ. ಹಲಗೆಯ ತುದಿಯಿಂದ 137ಕ್ಕೆ ಗೀಟು ಹಾಕಬೇಕು ಅಂದುಕೊಳ್ಳಿ. ಒಳ್ಳೆಯ ಸ್ಕೇಲಿನಲ್ಲಿ ಕಣ್ಣು ಮೊದಲು 130ರ ಉದ್ದ ಗೆರೆಗೆ ಹೋಗುತ್ತದೆ. ಅಲ್ಲಿಂದ 135ರ ಮಧ್ಯಮ ಗೆರೆ. ಅಲ್ಲಿಂದ ಎರಡು ಚಿಕ್ಕ ಗೆರೆ. ಎಣಿಸಿದ ಹಾಗೇ ಇರುವುದಿಲ್ಲ, ಕಣ್ಣು ಸೀದಾ ಅಲ್ಲಿಗೆ ಬಂದು ನಿಂತಿರುತ್ತದೆ. ಹೀಗಾಗಬೇಕಾದರೆ 1, 5, 10ರ ಗೆರೆಗಳ ಉದ್ದದಲ್ಲಿ ಒಂದೇ ನೋಟಕ್ಕೆ ತಿಳಿಯುವಷ್ಟು ಅಂತರ ಇರಬೇಕು. ನಾನು ಬಳಸಿ ಬಿಟ್ಟ ಒಂದು ಸ್ಕೇಲಿನಲ್ಲಿ 5ರ ಗೆರೆ ಉಳಿದ ಗೆರೆಗಳಿಗಿಂತ ಕೂದಲೆಳೆಯಷ್ಟೇ ಉದ್ದವಿತ್ತು. ಪ್ರತಿ ಸಲ ಪೆನ್ಸಿಲ್ ತುದಿ ಇಟ್ಟು ಒಂದು, ಎರಡು, ಮೂರು ಅಂತ ಎಣಿಸಬೇಕಾಗುತ್ತಿತ್ತು. ಅಂಥ ಕಡೆ 136, 137 ಅದಲು ಬದಲಾಗುವುದು ಬಹಳ ಸುಲಭ.

ಇನ್ನು ಅರ್ಧ ಮಿಲಿಮೀಟರ್ ಗೆರೆಗಳು. ಗೆರೆ ಜಾಸ್ತಿ ಇದ್ದಷ್ಟೂ ನಿಖರ ಅಂತ ತುಂಬ ಜನ ನಂಬಿದ್ದಾರೆ. ಮರಗೆಲಸದಲ್ಲಿ ನನ್ನ ಅನುಭವ ಇದಕ್ಕೆ ಉಲ್ಟಾ. ಗೆರೆಗೂ ಒಂದು ದಪ್ಪ ಇರುತ್ತದೆ, ಅಲ್ವಾ? ಅರ್ಧ ಮಿಲಿಮೀಟರಿಗೊಂದು ಗೆರೆ ಎಳೆದರೆ ಮಧ್ಯೆ ಉಳಿಯುವ ಬಿಳಿ ಜಾಗ ತೀರಾ ಕಡಿಮೆ. ಸ್ವಲ್ಪ ದೂರದಿಂದ ನೋಡಿದರೆ ಆ ಅಂಚು ಪೂರ್ತಿ ಒಂದು ಬೂದು ಪಟ್ಟಿ. ಚಾಳೀಸು ಬಂದವರಿಗಂತೂ ಕನ್ನಡಕ ಇಲ್ಲದೆ ಅದು ಓದುವ ವಿಷಯವೇ ಅಲ್ಲ.

ಕಣ್ಣಿನ ಲೆಕ್ಕಾಚಾರವೂ ಇದನ್ನೇ ಹೇಳುತ್ತದೆ. ಒಳ್ಳೆಯ ದೃಷ್ಟಿ ಇರುವವರು ಅಂದಾಜು 30 ಸೆಂ.ಮೀ. ದೂರದಿಂದ 0.1 ಮಿ.ಮೀ. ಅಂತರದ ಎರಡು ಗೆರೆಗಳನ್ನು ಹೆಚ್ಚುಕಮ್ಮಿ ಬೇರೆ ಬೇರೆಯಾಗಿ ಕಾಣಬಲ್ಲರು. ಆದರೆ ಒಂದು ಗೆರೆಯ ಎದುರು ಇನ್ನೊಂದು ಗೆರೆ ಸರಿಯಾಗಿ ಕೂತಿದೆಯಾ, ಜರುಗಿದೆಯಾ ಅಂತ ಗುರುತಿಸುವುದರಲ್ಲಿ ಕಣ್ಣು ಇದಕ್ಕಿಂತ ಬಹಳ ಚುರುಕು. ಯಾವ ಗೆರೆ ಯಾವ ಗೆರೆಗೆ ಕೂಡಿದೆ ಅಂತ ನೋಡಿ ಸೂಕ್ಷ್ಮ ಅಳತೆ ಓದುವ ಉಪಕರಣ, ವರ್ನಿಯರ್ ಕ್ಯಾಲಿಪರ್, ನಡೆಯುವುದೇ ಈ ಗುಣದ ಮೇಲೆ. ಅದೇ ಕಾರಣಕ್ಕೆ 1 ಮಿ.ಮೀ. ಜಾಗದ ನಟ್ಟ ನಡುವೆ ಚಾಕುವಿನ ಮೊನೆ ಇಡುವುದು ಕಷ್ಟವೇ ಅಲ್ಲ. ಗೆರೆಗಳು ಸ್ವಚ್ಛವಾಗಿದ್ದು, ನಡುವೆ ಬಿಳಿ ಜಾಗ ಸಾಕಷ್ಟು ಇದ್ದರೆ ಕಾಲು ಮಿಲಿಮೀಟರ್ ಕೂಡ ಅಂದಾಜಿಗೆ ಸಿಗುತ್ತದೆ.

ಅರ್ಧ ಮಿಲಿಮೀಟರ್ ಗೆರೆ ಬೇಕೇ ಬೇಕು ಅನ್ನುವವರು ಒಂದು ಅಂಚಿನಲ್ಲಿ ಮಾತ್ರ ಅದು ಇರುವ ಸ್ಕೇಲನ್ನು ಆರಿಸಿಕೊಳ್ಳಲಿ. ನನ್ನ ಜೇಬಿನಲ್ಲಿರುವ ಜಪಾನಿನ ಶಿನ್ವಾ ಕಂಪನಿಯ 150 ಮಿ.ಮೀ. ಸ್ಕೇಲು ಹಾಗಿದೆ. ಒಂದು ಅಂಚು 1 ಮಿ.ಮೀ., ಇನ್ನೊಂದು 0.5. ಅಗಲ 15 ಮಿ.ಮೀ., ದಪ್ಪ ಅರ್ಧ ಮಿ.ಮೀ. ಮಾತ್ರ. ತೂತಿನ ಆಳ ನೋಡುವುದಕ್ಕೆ, ಉಳಿಯ ಅಗಲ ನೋಡುವುದಕ್ಕೆ ಅದು ಅಚ್ಚುಕಟ್ಟು.

ಗೆರೆ ಕೊರೆದಿದ್ದಾರಾ, ಬರೀ ಅಚ್ಚು ಹಾಕಿದ್ದಾರಾ? ಇದನ್ನು ಉಗುರಿನಿಂದಲೇ ತಿಳಿಯಬಹುದು. ಉಗುರನ್ನು ಗೆರೆಗಳಿಗೆ ಅಡ್ಡಲಾಗಿ ಎಳೆದರೆ ಕೊರೆದ ಸ್ಕೇಲಿನಲ್ಲಿ ಸಣ್ಣ ಗರಗರ ಸಿಗುತ್ತದೆ. ಅಚ್ಚಿನ ಸ್ಕೇಲಿನಲ್ಲಿ ನುಣುಪು. ಅಚ್ಚಿನ ಗೆರೆಗಳು ಹೊಸದರಲ್ಲಿ ಕಡುಗಪ್ಪಾಗಿ ಚೆಂದ ಕಾಣುತ್ತವೆ. ಆದರೆ ಅಂಟು ಒರೆಸಲು ಥಿನ್ನರ್ ಬಟ್ಟೆ ತಾಗಿಸಿದಿರೋ, ಅಂಕಿಗಳೂ ಹೋಗುತ್ತವೆ. ದಿನಾ ಹೆಬ್ಬೆರಳು ಒತ್ತುವ ಕಡೆ ಸವೆತ ಇನ್ನೂ ಬೇಗ.

ಕೊರೆದ ಗೆರೆಯ ಇನ್ನೊಂದು ಲಾಭ ಬಳಸಿದವರಿಗೇ ಗೊತ್ತು. ಗೀಟು ಹಾಕುವ ಚಾಕುವಿನ ಮೊನೆಯನ್ನು ಗೆರೆಯ ಕೊರೆತದಲ್ಲಿ ಇಟ್ಟು ಅಂಚಿನ ಕಡೆಗೆ ಮೆಲ್ಲಗೆ ಎಳೆದರೆ ಅದು ಹಾದಿ ತಪ್ಪದೆ ಮರದ ಮೇಲೆ ಇಳಿಯುತ್ತದೆ. ಕಣ್ಣು ಹುಡುಕಿದ್ದನ್ನು ಬೆರಳು ಖಾತ್ರಿ ಮಾಡಿಕೊಳ್ಳುತ್ತದೆ. ಬೆಳಕು ಕಡಿಮೆ ಇದ್ದಾಗ ನಾನು ಇದನ್ನೇ ನೆಚ್ಚಿಕೊಳ್ಳುತ್ತೇನೆ. ಗೆರೆಯೊಳಗಿನ ಕಪ್ಪು ಮಾಸಿದರೂ ಸ್ಕೇಲು ಕೆಟ್ಟಿತು ಅಂತಲ್ಲ. ಕಪ್ಪು ಪೇಂಟನ್ನು ಮೇಲೆಲ್ಲ ಬಳಿದು, ಒಣಗುವ ಮುಂಚೆ ಗಟ್ಟಿ ಕಾರ್ಡಿನ ಅಂಚಿನಿಂದ ಕೆರೆದು ಒರೆಸಿದರೆ ಕೊರೆತದೊಳಗೆ ಮಾತ್ರ ಬಣ್ಣ ಉಳಿಯುತ್ತದೆ. ನನ್ನ ಸ್ಕೇಲಿನ ಮೊದಲ ಐದಾರು ಸೆಂಟಿಮೀಟರಿಗೆ ಹೀಗೆ ಮಾಡಿದ್ದೇನೆ, ಮತ್ತೆ ಹೊಸದರಂತೆ ಓದಲು ಬರುತ್ತಿದೆ.

ಅಂಕಿಗಳ ವಿಷಯಕ್ಕೆ ಬಂದರೆ 10, 20, 30 ಅಂತ ಮಿಲಿಮೀಟರಿನಲ್ಲೇ ಬರೆದಿರುವುದು ನನಗಿಷ್ಟ. 1, 2, 3 ಅಂತ ಸೆಂಟಿಮೀಟರ್ ಬರೆದಿದ್ದರೆ 137 ಅನ್ನುವುದನ್ನು ಮನಸ್ಸಿನಲ್ಲೇ 13.7 ಮಾಡಿಕೊಳ್ಳಬೇಕು. ಚಿಕ್ಕ ಕೆಲಸವೇ, ಆದರೆ ದಿನವಿಡೀ ಮಾಡಿದರೆ ಎಲ್ಲೋ ಒಂದು ಕಡೆ ಎಡವುತ್ತೇವೆ. ಇನ್ನೊಂದು ಅಂಚಿನಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ಏರುತ್ತಾ ಹೋಗುವ ಸ್ಕೇಲುಗಳಿವೆ. ಹಲಗೆಯ ಬಲ ತುದಿಯಿಂದ ಅಳೆಯುವಾಗ ಅಂಕಿ ತಲೆಕೆಳಗಾಗಿ ಕಾಣುವ ತೊಂದರೆ ತಪ್ಪುತ್ತದೆ. ಎಡಗೈಯವರಿಗೆ ಇದು ತುಂಬಾ ಅನುಕೂಲ.

ಇಂಚು, ಮಿಲಿಮೀಟರ್ ಎರಡೂ ಇರುವ ಸ್ಕೇಲು ಬೇಡ ಅಂತ ನನ್ನ ಖಚಿತ ಅಭಿಪ್ರಾಯ. 1959ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಒಂದು ಇಂಚು ಅಂದರೆ ಸರಿಯಾಗಿ 25.4 ಮಿ.ಮೀ. ಅಂತ ನಿಗದಿಯಾಯಿತು. ಹಾಗಾಗಿ ಐದೈದು ಇಂಚಿಗೊಮ್ಮೆ (127 ಮಿ.ಮೀ.) ಬಿಟ್ಟರೆ ಎರಡರ ಗೆರೆಗಳು ನಡುವೆ ಎಲ್ಲೂ ಸರಿಯಾಗಿ ಕೂಡಿ ಬರುವುದಿಲ್ಲ. ಬೇಕಾದ ಅಂಚು ಯಾವಾಗಲೂ ಆ ಕಡೆಯೇ ಇರುತ್ತದೆ, ಸ್ಕೇಲು ತಿರುಗಿಸುವುದೇ ಕೆಲಸ. ಇಂಚಿನಲ್ಲೇ ಕೆಲಸ ಮಾಡುವವರು ಪೂರ್ತಿ ಇಂಚಿನ ಸ್ಕೇಲನ್ನೇ ತೆಗೆದುಕೊಳ್ಳಲಿ. 1880ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಟಾರೆಟ್ ಕಂಪನಿಯ ಸ್ಕೇಲುಗಳಲ್ಲಿ 4ಆರ್ ಅನ್ನುವ ವಿಂಗಡಣೆ ಇದೆ. ಎರಡು ಬದಿ ಸೇರಿ ನಾಲ್ಕು ಅಂಚಿಗೆ ನಾಲ್ಕು ಭಾಗ: ಇಂಚಿನ 8, 16, 32, 64ನೇ ಒಂದಂಶ. ಒರಟು ಕೆಲಸಕ್ಕೆ 16ರ ಅಂಚು, ಜೋಡಣೆಗೆ 32ರ ಅಂಚು ಅಂತ ಕಣ್ಣಿಗೆ ಎಷ್ಟು ಬೇಕೋ ಅಷ್ಟೇ ಗೆರೆ ಇರುವ ಕಡೆ ತಿರುಗಿಸಿಕೊಳ್ಳಬಹುದು. ಒಳ್ಳೆಯ ಯೋಚನೆ.

ಸೊನ್ನೆ ಸ್ಕೇಲಿನ ತುದಿಯಲ್ಲೇ ಶುರುವಾಗಬೇಕು. ಶಾಲೆಯ ಸ್ಕೇಲಿನ ಹಾಗೆ ತುದಿಯಲ್ಲಿ ಜಾಗ ಬಿಟ್ಟಿದ್ದರೆ ಮೂಲೆಯೊಳಗೆ, ಕಚ್ಚಿನೊಳಗೆ ಅಳೆಯಲು ಬರುವುದಿಲ್ಲ. ತುದಿ ಸವೆದಿದೆ ಅಂತ ಅನುಮಾನ ಬಂದರೆ 100ರ ಗೆರೆಯಿಂದ ಅಳೆದು 100 ಕಳೆಯಿರಿ.

ದಪ್ಪವೂ ಓದಿಗೆ ಸಂಬಂಧಪಟ್ಟದ್ದೇ. ಗೆರೆ ಸ್ಕೇಲಿನ ಮೇಲ್ಭಾಗದಲ್ಲಿದೆ, ಮರ ಅದರ ಕೆಳಗಿದೆ. ಓರೆಯಾಗಿ ನೋಡಿದರೆ ಎರಡೂ ಜರುಗಿದ ಹಾಗೆ ಕಾಣುತ್ತದೆ. 1 ಮಿ.ಮೀ. ದಪ್ಪದ ಸ್ಕೇಲನ್ನು 30 ಡಿಗ್ರಿ ಓರೆಯಿಂದ ನೋಡಿದರೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಇದಕ್ಕೆ ಮದ್ದು ಸುಲಭ. ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಗೆರೆಯ ತುದಿ ಮರಕ್ಕೇ ತಾಗುತ್ತದೆ. ಆದರೆ ನಿಲ್ಲಿಸಿದಾಗಲೂ ಓದಲು ಬರಬೇಕಾದರೆ ಗೆರೆಗಳು ಅಂಚಿನ ಕೊನೆವರೆಗೂ ಬಂದಿರಬೇಕು. ಕೆಲವದರಲ್ಲಿ ಚೂರು ಮುಂಚೆಯೇ ನಿಂತುಬಿಡುತ್ತವೆ, ಅಂಥದ್ದು ಬೇಡ.

ನಿಖರತೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಯುರೋಪಿನ ನಿಯಮದ ಪ್ರಕಾರ ಮೊದಲ ವರ್ಗದ ಅಳತೆಪಟ್ಟಿಯಲ್ಲಿ ಒಂದು ಮೀಟರ್‌ವರೆಗೆ 0.2 ಮಿ.ಮೀ., ಎರಡನೇ ವರ್ಗದಲ್ಲಿ 0.5 ಮಿ.ಮೀ. ತನಕ ಹೆಚ್ಚುಕಮ್ಮಿ ಇರಬಹುದು. ಉಷ್ಣಾಂಶ 20 ಡಿಗ್ರಿ ಏರಿದರೂ 300 ಮಿ.ಮೀ. ಉಕ್ಕು ಹಿಗ್ಗುವುದು 0.1 ಮಿ.ಮೀ. ಆಸುಪಾಸು ಅಷ್ಟೇ. 300 ಮಿ.ಮೀ. ಅಗಲದ ಹಲಗೆ ತೇವಕ್ಕೆ ಅಡ್ಡಲಾಗಿ ಒಂದೆರಡು ಮಿಲಿಮೀಟರ್ ಉಬ್ಬುತ್ತದೆ. ಮುಖ್ಯವಾದದ್ದು ಒಂದು ಕೆಲಸಕ್ಕೆ ಮೊದಲಿನಿಂದ ಕೊನೆವರೆಗೆ ಒಂದೇ ಸ್ಕೇಲು ಹಿಡಿಯುವುದು. ಅಂಚು ನೇರ ಇದೆಯಾ ಅಂತ ಮಾತ್ರ ಪರೀಕ್ಷಿಸಿ. ಅಂಚಿಗೆ ತಾಗಿಸಿ ಚಾಕುವಿನಿಂದ ಒಂದು ಗೀಟು ಎಳೆಯಿರಿ. ಸ್ಕೇಲನ್ನು ಗೀಟಿನ ಆಚೆ ಬದಿಗೆ ಮಗುಚಿ ಹಾಕಿ, ಅದೇ ಅಂಚನ್ನು ಗೀಟಿಗೆ ಕೂಡಿಸಿ ಮತ್ತೆ ಎಳೆಯಿರಿ. ಎರಡು ಗೀಟಿನ ನಡುವೆ ಸಂದು ಕಂಡರೆ ಅಂಚು ಬಾಗಿದೆ.

ಬಳಸಿದ ಮೇಲೆ ತಿಳಿದ ಕೊರತೆಗಳೂ ಇವೆ. ಮ್ಯಾಟ್ ಮೇಲ್ಮೈ ಪೆನ್ಸಿಲ್ ಪುಡಿ, ಮರದ ಅಂಟು ರಸ ಎಲ್ಲ ಹಿಡಿದುಕೊಳ್ಳುತ್ತದೆ. ಆಗಾಗ ಎಣ್ಣೆ ತಾಗಿಸಿದ ಬಟ್ಟೆಯಿಂದ ಒರೆಸದಿದ್ದರೆ ಬಿಳುಪು ಮಬ್ಬಾಗಿ, ಯಾವ ಗುಣಕ್ಕೆ ಅದನ್ನು ಕೊಂಡೆವೋ ಅದೇ ಹೋಗುತ್ತದೆ. ಅಂಚಿನಲ್ಲಿ ಲೇಪನ ಸ್ವಲ್ಪ ಸವೆದು ಒಳಗಿನ ಉಕ್ಕು ಇಣುಕಿದೆ. ಬೆವರು ಕೈ ತಾಗಿ ಅಲ್ಲಿ ತುಕ್ಕಿನ ಚುಕ್ಕೆ ಬಂದಿತ್ತು, ಎಣ್ಣೆ ಹಚ್ಚಿ ಒರೆಸಿದ ಮೇಲೆ ಹೋಯಿತು. ಉಪ್ಪುಕಾಗದ ಮಾತ್ರ ತಾಗಿಸಬೇಡಿ, ಮ್ಯಾಟ್ ಲೇಪನವೇ ಕಿತ್ತು ಬರುತ್ತದೆ. ನುಣುಪಾದ ಹಲಗೆಯ ಮೇಲೆ ಸ್ಕೇಲು ಜಾರುತ್ತದೆ ಕೂಡ. ಹಿಂಬದಿಗೆ ಎರಡು ತುಂಡು ಬಟ್ಟೆ ಟೇಪು ಅಂಟಿಸಿದ್ದೇನೆ, ತುದಿಗಳನ್ನು ಬಿಟ್ಟು. ದಪ್ಪ ಚೂರು ಜಾಸ್ತಿಯಾಯಿತು, ಹಿಡಿತ ಬಂತು.

ಉದ್ದ ಯಾವುದು ಅಂತ ಕೇಳಿದರೆ ಮೊದಲು 300 ತೆಗೆದುಕೊಳ್ಳಿ. ಡ್ರಾಯರ್, ಪೆಟ್ಟಿಗೆ, ಕುರ್ಚಿಯ ಬಿಡಿಭಾಗ, ಮುಕ್ಕಾಲು ಪಾಲು ಕೆಲಸ ಅದರಲ್ಲೇ ಆಗುತ್ತದೆ. ಆಮೇಲೆ ಜೇಬಿಗೊಂದು 150. 600 ಬೇಕಾಗುವುದು ದೊಡ್ಡ ಹಲಗೆ ಶುರು ಮಾಡಿದ ಮೇಲೆ, ಅಲ್ಲಿಯವರೆಗೆ ಟೇಪು ಸಾಕು. ಕೊಳ್ಳುವಾಗ ಕೈಯಲ್ಲಿ ಹಿಡಿದು, ದೀಪದಡಿ ನಿಂತು, ಕೆಲಸ ಮಾಡುವಷ್ಟೇ ದೂರದಲ್ಲಿಟ್ಟು 137 ಹುಡುಕಿ. ಆಮೇಲೆ 248. ಸ್ಕೇಲು ವಾಲಿಸದೆ, ಬೆರಳಿಟ್ಟು ಎಣಿಸದೆ ಎರಡೂ ತಕ್ಷಣ ಸಿಕ್ಕರೆ ಅದನ್ನು ತೆಗೆದುಕೊಳ್ಳಿ.